ಎರಡು ಬೆರಳಿನ ನಮಸ್ಕಾರ

ಬಸ್ ಡಿಪೋದಲ್ಲಿ ಕೆಲಸ ಮಾಡುವವನಿಗೆ ಜಗತ್ತಿನ ಯಾವ ಗಾಡಿಯನ್ನಾದರೂ ಓಡಿಸಲು ಬರುತ್ತದೆ ಎಂಬ ನಂಬಿಕೆ ನನ್ನ ಹೆಂಡತಿಯ ತವರಿನಲ್ಲಿ ಮೊದಲಿನಿಂದಲೂ ಇದೆ. ಅದನ್ನು ನಾನು ಹುಟ್ಟಿಸಿದ್ದಲ್ಲ. ಯಾರಾದರೂ ನನ್ನೆದುರಿಗೇ ಹಾಗೆಂದಾಗ ತಲೆ ತಗ್ಗಿಸಿ ಸಣ್ಣಗೆ ನಗುತ್ತಿದ್ದೆ, ಅಷ್ಟೇ. ಡಿಪೋದಲ್ಲಿ ನನ್ನ ಕೆಲಸ ಗೇಟಿನ ಪಕ್ಕದ ಗೂಡಿನಂಥ ಕೋಣೆಯಲ್ಲಿ ಕುಳಿತು, ಯಾವ ಬಸ್ಸು ಯಾವಾಗ ಹೊರಡಬೇಕೆಂದು ಚೀಟಿ ಹರಿದು ಕೊಡುವುದು. ಬಸ್ಸಿನ ಸ್ಟಿಯರಿಂಗನ್ನು ನಾನು ಮುಟ್ಟಿದ್ದು ಒಂದೇ ಸಲ. ಅದೂ ಡ್ರೈವರು ಅಲ್ಲಿ ಮರೆತುಹೋಗಿದ್ದ ಟವೆಲ್ ತೆಗೆದುಕೊಡಲು. ಮನೆಯಲ್ಲಿ ಒಂದು ಹಳೆಯ ಸಣ್ಣ ಕಾರಿದೆ. ಅದರ ಗೇರುಗಳು ನನಗೆ ಗೊತ್ತು, ನನ್ನ ಸ್ವಭಾವ ಅದಕ್ಕೆ ಗೊತ್ತು.

ನನ್ನ ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ಅವಳ ಯಂತ್ರದ ಎದುರಿನ ಗೋಡೆಗೆ ಯಾವುದೋ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಚಿತ್ರವೊಂದನ್ನು ಅಂಟಿಸಿಕೊಂಡಿದ್ದಳು. ವರ್ಷ ಮುಗಿದ ಮೇಲೆ ತಾರೀಕುಗಳನ್ನು ಕತ್ತರಿಸಿ ಎಸೆದಳು, ಚಿತ್ರ ಉಳಿಯಿತು. ದೂರದೇಶದ ಒಂದು ಮೀನುಗಾರರ ಹಳ್ಳಿ; ಸಮುದ್ರದೊಳಕ್ಕೆ ಚಾಚಿದ ಕಲ್ಲಿನ ಕಟ್ಟೆ, ಕಟ್ಟೆಗೆ ಕಟ್ಟಿದ ದೋಣಿಗಳು, ನೀಲಿ ಬಾಗಿಲಿನ ಮನೆಗಳು. ಸೂಜಿಗೆ ದಾರ ಪೋಣಿಸುವಾಗೆಲ್ಲ ಅವಳ ಕಣ್ಣು ಅಲ್ಲಿಗೆ ಹೋಗಿ ಬರುತ್ತಿತ್ತು. "ಒಂದೇ ಒಂದು ಸಲ ಆ ಕಟ್ಟೆ ತುದೀಲಿ ನಿಂತ್ಕೋಬೇಕು ನಾನು. ಇನ್ನೇನೂ ಕೇಳಲ್ಲ," ಎನ್ನುತ್ತಿದ್ದಳು. ಬಹಳ ವರ್ಷ ಇನ್ನೇನೂ ಕೇಳಲೂ ಇಲ್ಲ. ಹೀಗಾಗಿ ಕೊನೆಗೊಂದು ದಿನ ನಾವು ಆ ದೇಶದಲ್ಲಿ ಇಳಿದೆವು: ನಾನು, ಅವಳು, ಮತ್ತು ಅವಳ ತಾಯಿ.

ಹೊರಡುವ ಮೊದಲು ನಾನು ಮಾಡಬೇಕಾದ್ದನ್ನು ಮಾಡಿದ್ದೆ. ನಾನು ಕಲಿತದ್ದೆಲ್ಲ ಸಂಜೆ ತರಗತಿಯಲ್ಲೇ. ಆ ದೇಶದ ಭಾಷೆಯನ್ನೂ ಹಾಗೆಯೇ ಕಲಿತೆ. ಭಾಷೆಯ ಮೇಷ್ಟ್ರು ಕೊನೆಯ ಪಾಠದಲ್ಲಿ, "ಮಾತು ಪುಸ್ತಕದಿಂದ ಬರುತ್ತೆ. ಆದ್ರೆ ನಮಸ್ಕಾರ ಮಾಡೋದು ಕಣ್ಣಿಂದ ಕಲೀಬೇಕು. ಅಲ್ಲಿ ಕಾಲಿಟ್ಟ ತಕ್ಷಣ ಜನ ಕೈಯನ್ನ ಹೇಗೆ ಎತ್ತುತ್ತಾರೆ ನೋಡಿ, ಹಾಗೇ ಎತ್ತಿ," ಎಂದು ಹೇಳಿದ್ದರು. ಮೇಷ್ಟ್ರು ಹೇಳಿದ್ದನ್ನು ಮೀರುವ ಧೈರ್ಯ ನನಗೆ ಎಂದೂ ಬಂದದ್ದಿಲ್ಲ. ಮುಂದಿನ ಅನಾಹುತಕ್ಕೆಲ್ಲ ಮೂಲ ಇದೇ.

ಬಾಡಿಗೆ ಕಾರಿನ ಆಫೀಸಿನ ಹೆಂಗಸು ಕೀಲಿಕೈ ಕೊಡುತ್ತ, "ಈ ಮಾದರಿ ಗಾಡಿ ಓಡಿಸಿ ಅಭ್ಯಾಸ ಇದೆಯಾ? ಸ್ವಲ್ಪ ತೋರಿಸಿಕೊಡ್ಲಾ?" ಎಂದು ಕೇಳಿದಳು.

"ಏನಂತೆ?" ಎಂದರು ಅತ್ತೆ, ಮಗಳ ಕಡೆ ತಿರುಗಿ.

ಇಲ್ಲಿ ಒಂದು ಮಾತು ಹೇಳಬೇಕು. ನನ್ನ ಅತ್ತೆ ಮದುವೆಯಾದಂದಿನಿಂದ ನನ್ನೊಡನೆ ನೇರವಾಗಿ ಮಾತಾಡಿದವರಲ್ಲ. ನನಗೆ ಹೇಳಬೇಕಾದ್ದನ್ನು ಮಗಳಿಗೆ ಹೇಳುತ್ತಾರೆ. ನಾನು ಪಕ್ಕದಲ್ಲೇ ನಿಂತಿದ್ದರೂ ಮಾತು ಮಗಳನ್ನು ಸುತ್ತಿಕೊಂಡೇ ನನ್ನ ಬಳಿ ಬರಬೇಕು. ಇದು ಜಗಳವಲ್ಲ, ಮರ್ಯಾದೆ.

"ಗಾಡಿ ಓಡಿಸೋಕೆ ಬರುತ್ತಾ ಅಂತ ಕೇಳ್ತಿದಾಳಂತೆ ಅಮ್ಮ," ಎಂದಳು ನನ್ನ ಹೆಂಡತಿ, ನನ್ನಿಂದ ಅರ್ಥ ಕೇಳಿಕೊಂಡು.

"ಅಯ್ಯೋ! ಬಸ್ ಡಿಪೋದಲ್ಲಿ ಇಪ್ಪತ್ತು ವರ್ಷದಿಂದ ಇದಾರೆ ಅಂತ ಹೇಳೋಕೆ ಹೇಳೇ ನಿಮ್ಮ ಯಜಮಾನ್ರಿಗೆ."

ನಾನು ಹೇಳಿದೆ. ಅದು ಸುಳ್ಳಲ್ಲವಲ್ಲ. ಆ ಹೆಂಗಸು ಎದ್ದು ನಿಂತು, "ಕ್ಷಮಿಸಿ, ಬಸ್ ಓಡಿಸೋರಿಗೆ ನಾನೇನು ಹೇಳ್ಕೊಡೋದು!" ಎಂದಳು. ನಾನು ತಲೆ ತಗ್ಗಿಸಿ ಸಣ್ಣಗೆ ನಕ್ಕೆ.

ಕಾರು ಗೇಟಿನ ಕಡೆಗೇ ಮುಖ ಮಾಡಿ ನಿಂತಿತ್ತು. ಹೆಂಡತಿ ಫೋನಿನಲ್ಲಿ ನಕ್ಷೆ ತೆರೆದು ಪಕ್ಕದಲ್ಲಿ ಕುಳಿತಳು, ಅತ್ತೆ ಹಿಂದೆ. ನಾನು ಕನ್ನಡಿಯನ್ನು ಆಚೀಚೆ ತಿರುಗಿಸಿ, ಡಿಪೋದ ಹಿರಿಯ ಡ್ರೈವರುಗಳು ಕೆಮ್ಮುವ ಹಾಗೆ ಒಮ್ಮೆ ಕೆಮ್ಮಿ, ಗಾಡಿ ಹೊರಡಿಸಿದೆ. ಗೇಟಿನಲ್ಲಿ ಇನ್ನೊಮ್ಮೆ ಕೆಮ್ಮುವಷ್ಟರಲ್ಲಿ ಆ ಹೆಂಗಸು ಏನೋ ನೆನಪಾದವಳಂತೆ ಓಡಿ ಬಂದು ಹಿಂದಿನ ಕಿಟಕಿಯ ಪಕ್ಕದಲ್ಲಿ ಕೈ ಎತ್ತಿದಳು. ಕನ್ನಡಿಯಲ್ಲಿ ನನಗೆ ಕಂಡದ್ದು ಆ ಕೈ ಮಾತ್ರ. ತೋರುಬೆರಳು, ನಡುಬೆರಳು ಎರಡನ್ನೂ ಕೊಕ್ಕೆಯಂತೆ ಮಡಿಸಿ, ಅಂಗೈ ಮೇಲೆ ಮಾಡಿ, ಏನನ್ನೋ ಮೇಲಕ್ಕೆ ಎಳೆದಂತೆ ಎರಡು ಸಲ.

"ನೋಡಿದ್ಯಾ," ಎಂದೆ ಹೆಂಡತಿಗೆ. "ಇದು ಇವರ ನಮಸ್ಕಾರ." ನಾನೂ ಕಿಟಕಿಯಿಂದ ಕೈ ಹೊರಗೆ ಹಾಕಿ ಎರಡು ಬೆರಳು ಕೊಕ್ಕೆ ಮಾಡಿ ಎರಡು ಸಲ ಎತ್ತಿದೆ. ಹೆಂಗಸು ಸಮಾಧಾನದಿಂದ ತಲೆಯಾಡಿಸಿ ಒಳಗೆ ಹೋದಳು. ಮೇಷ್ಟ್ರು ನೋಡಿದ್ದರೆ ಸಂತೋಷಪಡುತ್ತಿದ್ದರು.

ಮಧ್ಯಾಹ್ನ ಊಟಕ್ಕೆಂದು ಒಂದು ಹೋಟೆಲಿನ ಗೋಡೆಗೆ ಮುಖ ಮಾಡಿ ಕಾರು ನಿಲ್ಲಿಸಿದ್ದೆ. ಊಟ ಮುಗಿಸಿ ಬಂದು ರಿವರ್ಸ್ ಹಾಕಿದೆ. ಗೇರಿನ ಗುಂಡಿನ ಮೇಲೆ ಚಿತ್ರವೇ ಇತ್ತು: ಎಡಕ್ಕೆ ತಳ್ಳಿ ಮೇಲಕ್ಕೆ. ಎಡಕ್ಕೆ ತಳ್ಳಿ ಮೇಲಕ್ಕೆ ಹಾಕಿದೆ. ಕಾರು ಮುಂದಕ್ಕೆ ಹೋಯಿತು. ಮತ್ತೆ ಹಾಕಿದೆ. ಮತ್ತೆ ಮುಂದಕ್ಕೆ. ಮೂರನೆಯ ಸಲ ಹೋಟೆಲಿನ ಗೋಡೆಯನ್ನು ಮೆಲ್ಲನೆ ಮುಟ್ಟಿತು.

"ಏನಾಯ್ತಂತೆ?" ಎಂದರು ಅತ್ತೆ.

"ಗೋಡೆ ಗಟ್ಟಿ ಇದೆಯಾ ಅಂತ ನೋಡ್ದೆ," ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಅದೃಷ್ಟಕ್ಕೆ ಆ ಅಂಗಳ ಗೋಡೆಯ ಕಡೆಗೆ ಏರಿಕೊಂಡಿತ್ತು. ಗೇರು ತೆಗೆದು ಹ್ಯಾಂಡ್‌ಬ್ರೇಕ್ ಬಿಟ್ಟೆ; ಕಾರು ತಾನಾಗಿ ಹಿಂದಕ್ಕೆ ಉರುಳಿ ರಸ್ತೆಗೆ ಬಂತು.

"ಎಷ್ಟು ಮೆತ್ತಗೆ ಹೋಗುತ್ತೆ ನೋಡೇ, ಇಂಜಿನ್ ಸದ್ದೇ ಇಲ್ಲ," ಎಂದರು ಅತ್ತೆ, ಮಗಳಿಗೆ.

ಯಾರನ್ನಾದರೂ ಕೇಳಬಹುದಿತ್ತು. ಆದರೆ ಯಾರ ಹತ್ತಿರ ಬಾಯಿ ತೆರೆದರೂ ಹಿಂದಿನಿಂದ "ಏನಂತೆ?" ಎಂಬ ಪ್ರಶ್ನೆ ಸಿದ್ಧವಾಗಿರುತ್ತಿತ್ತು. ಫೋನಿನಲ್ಲಿ ಹುಡುಕೋಣವೆಂದರೆ ಫೋನು ಹೆಂಡತಿಯ ಕೈಯಲ್ಲಿ. ಡ್ರಾವರಿನಲ್ಲಿ ಗಾಡಿಯ ಪುಸ್ತಕ ಇರಬೇಕಾದ ಜಾಗದಲ್ಲಿ ಯಾವುದೋ ಮಗುವಿನ ಬಣ್ಣದ ಪೆನ್ಸಿಲುಗಳಿದ್ದವು. ಆದ್ದರಿಂದ ನಾನು ಒಂದು ನಿರ್ಧಾರಕ್ಕೆ ಬಂದೆ: ಈ ದೇಶವನ್ನು ಮುಂದಕ್ಕೆ ಮಾತ್ರ ನೋಡುವುದು.

ಹಾಗೆ ನೋಡಿದ ದೇಶ ಬಹಳ ಬೇಗ ಮುಗಿಯುತ್ತದೆ. ಎಲ್ಲಿ ನಿಲ್ಲಿಸಿದರೆ ಮತ್ತೆ ಹಿಂದಕ್ಕೆ ಬರಬೇಕಾಗುತ್ತದೋ ಅಲ್ಲಿ ನಾನು ನಿಲ್ಲಿಸುತ್ತಿರಲಿಲ್ಲ. ಸಮುದ್ರದ ಬದಿಯಲ್ಲಿ ಕಾರು ನಿಲ್ಲಿಸುವ ಜಾಗಗಳೆಲ್ಲ ಸಮುದ್ರಕ್ಕೇ ಮುಖ ಮಾಡಿದ್ದವು.

"ರೀ, ಇಲ್ಲಿ ನಿಲ್ಸಿ! ಎಷ್ಟು ಚೆನ್ನಾಗಿದೆ!"

"ಮುಂದೆ ಇದಕ್ಕಿಂತ ಚೆನ್ನಾಗಿದೆಯಂತೆ."

"ಯಾರು ಹೇಳಿದ್ದು?"

"ಎಲ್ರೂ."

ಹಿಂದಿನ ಸೀಟಿನಿಂದ ಅತ್ತೆಯ ವರದಿ ಬರುತ್ತಿತ್ತು. "ಸಮುದ್ರ ಬಂತು." ಒಂದು ತಿರುವು. "ಸಮುದ್ರ ಹೋಯ್ತು." ಇನ್ನೊಂದು ತಿರುವು. "ಬಂತು. ಹೋಯ್ತು."

ನಾವು ಇಳಿದು ನೋಡಿದ್ದೆಂದರೆ ಪೆಟ್ರೋಲ್ ಬಂಕುಗಳನ್ನು. ಬಂಕು ಎಂಬುದು ಎಂಥ ಉದಾತ್ತ ಕಲ್ಪನೆ ಎಂದು ನನಗೆ ಆಗ ಹೊಳೆಯಿತು. ಒಂದು ಕಡೆಯಿಂದ ಒಳಗೆ, ಇನ್ನೊಂದು ಕಡೆಯಿಂದ ಹೊರಗೆ. ನಾವು ಬಂಕುಗಳಲ್ಲಿ ತಿಂದೆವು, ಕಾಲು ಚಾಚಿದೆವು, ಅತ್ತೆಯನ್ನು ಪಂಪಿನ ಪಕ್ಕ ನಿಲ್ಲಿಸಿ ಫೋಟೋ ತೆಗೆದೆವು. ಒಬ್ಬ ಬಂಕಿನವನು ಪೈಪು ಹಿಡಿದು, "ಸ್ವಾಮಿ, ಟ್ಯಾಂಕು ತುಂಬಿ ಕತ್ತಿನ ತನಕ ಇದೆ. ಎಲ್ಲಿಗೆ ಹಾಕ್ಲಿ?" ಎಂದು ಕೇಳಿದ.

ಒಳನಾಡಿನ ಹಳ್ಳಿಗಳ ದಾರಿಗಳು ಒಂದು ಗಾಡಿಯಷ್ಟೇ ಅಗಲ. ಎರಡೂ ಬದಿ ಆಳೆತ್ತರದ ಕಲ್ಲಿನ ಗೋಡೆ, ಅಲ್ಲಲ್ಲಿ ಬದಿಗೆ ಸರಿದು ನಿಲ್ಲಲು ಒಂದಿಷ್ಟು ಜಾಗ. ಇಂಥ ದಾರಿಯಲ್ಲಿ ಎದುರಿನಿಂದ ಹುಲ್ಲಿನ ಟ್ರಾಲಿ ಎಳೆದುಕೊಂಡು ಒಂದು ಟ್ರ್ಯಾಕ್ಟರ್ ಬಂತು. ಇನ್ನೇನು ಗುಟ್ಟು ರಟ್ಟಾಯಿತು ಎಂದುಕೊಂಡೆ. ಏನೂ ತೋಚದೆ, ಕನಿಷ್ಠ ಸೌಜನ್ಯವಾದರೂ ಉಳಿಯಲಿ ಎಂದು ಗಾಜಿನ ಹಿಂದಿನಿಂದ ಎರಡು ಬೆರಳಿನ ನಮಸ್ಕಾರ ಮಾಡಿದೆ. ರೈತ ನನ್ನನ್ನು ನೋಡಿದ. ತಿರುಗಿ ತನ್ನ ಟ್ರಾಲಿಯನ್ನು ನೋಡಿದ. ದೀರ್ಘವಾಗಿ ಉಸಿರುಬಿಟ್ಟು, ಆ ಟ್ರಾಲಿಯನ್ನು ಹಾವಿನಂತೆ ಆಚೀಚೆ ಹೊರಳಿಸುತ್ತ ದಾರಿಯುದ್ದಕ್ಕೂ ಹಿಂದೆ ಹಿಂದೆ ಹೋದ.

"ನೋಡೇ," ಎಂದರು ಅತ್ತೆ, "ನಿಮ್ಮ ಯಜಮಾನ್ರ ಕೈ ಕಂಡ ತಕ್ಷಣ ಹೇಗೆ ದಾರಿ ಬಿಟ್ರು!"

ಅಂಚೆಯ ವ್ಯಾನಿನ ಹೆಂಗಸೂ ಹಾಗೆಯೇ. ಒಂದು ಮನೆಗೆ ಕಾಗದ ಹಾಕಲು ಇನ್ನೇನು ಇಳಿಯುವುದರಲ್ಲಿದ್ದವಳು, ನಾನು ನಮಸ್ಕಾರ ಮಾಡಿದ್ದೇ ತಡ, ಮತ್ತೆ ಹತ್ತಿ ಕುಳಿತು, ಹಿಂದಿನ ಊರಿನ ತನಕ ವ್ಯಾನನ್ನು ಹಿಂದಕ್ಕೇ ಓಡಿಸಿಕೊಂಡು ಹೋದಳು. ಹೋಗುತ್ತ ಏನೋ ಗೊಣಗುತ್ತಿದ್ದಳು. ಅದನ್ನು ಮೇಷ್ಟ್ರು ಕಲಿಸಿರಲಿಲ್ಲ. ಬೇಕರಿಯವನ ವ್ಯಾನು ಒಂದು ಕಡಿದಾದ ತಿರುವನ್ನು ದಾಟಿ ಏರಿ ಬಂದಿತ್ತು. ಅವನು ದಪ್ಪ ಮೀಸೆಯ ಭಾರೀ ಆಸಾಮಿ. ನನ್ನ ನಮಸ್ಕಾರವನ್ನು ಸ್ವಲ್ಪ ಹೊತ್ತು ದುರುಗುಟ್ಟಿ ನೋಡಿ, ಹಿಂದೆ ಸರಿಯತೊಡಗಿದ. ತಿರುವಿನಲ್ಲಿ ವ್ಯಾನಿನೊಳಗೆ ಬ್ರೆಡ್ಡಿನ ತಟ್ಟೆಗಳು ದಡಬಡ ಉರುಳಿದ ಸದ್ದು ನಮಗೂ ಕೇಳಿಸಿತು. ದಾಟಿ ಹೋಗುವಾಗ ಕೃತಜ್ಞತೆಯಿಂದ ಇನ್ನೊಮ್ಮೆ ಎರಡು ಬೆರಳೆತ್ತಿದೆ. ಅವನ ಮುಖ ಕೆಂಪಾಗಿತ್ತು. ದಿನವೆಲ್ಲ ಒಲೆಯ ಮುಂದೆ ಕೆಲಸ ಮಾಡುವವರ ಮುಖ ಕೆಂಪಗಿರುವುದು ಸಹಜ.

ತಂಗಿದ್ದ ವಸತಿಗೃಹದಲ್ಲೂ ನಾನು ಸೌಜನ್ಯ ಬಿಡಲಿಲ್ಲ. ಒಡತಿಗೆ ಬೆಳಗಿನ ನಮಸ್ಕಾರ ಮಾಡಿದರೆ ಅವಳು ಗಾಬರಿಯಿಂದ ಕೌಂಟರಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಮಾಣಿಗೆ ಮಾಡಿದರೆ ಅವನು ತಿಂಡಿಯ ಗಾಡಿಯನ್ನು ತಳ್ಳಿಕೊಂಡು ಅಡುಗೆಮನೆಗೇ ವಾಪಸ್ ಹೋದ. ನಮಸ್ಕರಿಸಿದವರಿಗೆ ಹಿಂದೆ ಸರಿದು ಗೌರವ ತೋರಿಸುವುದು ಈ ನಾಡಿನ ಪದ್ಧತಿ ಎಂದು ನಾನು ತೀರ್ಮಾನಿಸಿದೆ. ಮೇಷ್ಟ್ರಿಗೆ ಹೇಳಬೇಕೆಂದು ನೆನಪಿಟ್ಟುಕೊಂಡೆ. ತಿಂಡಿ ಮಾತ್ರ ಬರಲಿಲ್ಲ.

ಈ ಪದ್ಧತಿಯನ್ನು ನನ್ನ ಹೊರತು ಸರಿಯಾಗಿ ಹಿಡಿದವರು ಅತ್ತೆ ಒಬ್ಬರೇ. ಎದುರಿಗೆ ಗಾಡಿ ಬಂದಾಗೆಲ್ಲ ಅವರೂ ಹಿಂದಿನ ಸೀಟಿನಲ್ಲಿ ಎರಡು ಬೆರಳು ಕೊಕ್ಕೆ ಮಾಡಿ ಎತ್ತುತ್ತಿದ್ದರು. ಕನ್ನಡಿಯಲ್ಲಿ ನನ್ನ ಕಣ್ಣಿಗೆ ಕಣ್ಣು ಸಿಕ್ಕರೆ ಇನ್ನೂ ಜೋರಾಗಿ ಎತ್ತುತ್ತಿದ್ದರು. ಇಷ್ಟು ವರ್ಷ ಮಾತಾಡದವರು ಪರದೇಶದಲ್ಲಾದರೂ ನಮಸ್ಕರಿಸುತ್ತಿದ್ದಾರಲ್ಲ ಎಂದು ನಾನೂ ಕನ್ನಡಿಯಲ್ಲೇ ಎರಡು ಬೆರಳೆತ್ತಿ ಮರುನಮಸ್ಕಾರ ಮಾಡುತ್ತಿದ್ದೆ.

ಕೊನೆಯ ದಿನ ಹೆಂಡತಿ ಕಾರು ಹತ್ತುವ ಮೊದಲೇ ಬಾಗಿಲು ಹಿಡಿದು ನಿಂತಳು.

"ನಾಳೆ ಗಾಡಿ ವಾಪಸ್ ಕೊಡ್ಬೇಕು. ಇವತ್ತು ಆ ಊರಿಗೆ ಹೋಗ್ತೀವೋ ಇಲ್ವೋ, ಹೇಳ್ಬಿಡಿ."

"ಅದು ದಾರಿ ಮುಗಿಯೋ ಊರು ಕಣೇ. ಸಮುದ್ರಕ್ಕೆ ಹೋಗಿ ನಿಂತ್ಬಿಡುತ್ತೆ ರಸ್ತೆ."

"ನಾನು ಹೋಗ್ಬೇಕಾಗಿರೋದೂ ಅಲ್ಲೀ ತನಕಾನೇ."

"ಮುಂದೆ ಇದಕ್ಕಿಂತ..."

"ರೀ." ಅವಳ ದನಿ ತಗ್ಗಿತು. "ಇಷ್ಟು ದಿನದಿಂದ ಕಿಟಕೀಲಿ ಸಮುದ್ರ ನೋಡ್ತಿದೀನಿ. ಅದನ್ನ ಚಿತ್ರದಲ್ಲಿ ಮನೇಲೇ ನೋಡ್ತಿದ್ನಲ್ಲ? ಇವತ್ತೂ ಆಗಲ್ಲ ಅಂದ್ರೆ ಹೇಳಿ, ಆ ಚಿತ್ರಾನ ಇಲ್ಲೇ ಬಿಟ್ಟು ಹೋಗ್ತೀನಿ."

ಚಿತ್ರವನ್ನು ಅವಳು ಗೋಡೆಯಿಂದ ಬಿಡಿಸಿ ಜೊತೆಗೇ ತಂದಿದ್ದಾಳೆಂದು ನನಗೆ ಗೊತ್ತಾದದ್ದು ಆಗ. ನಾನು ಪಕ್ಕದ ಬಂಕಿಗೆ ಹೋಗಿ, ಕತ್ತಿನ ತನಕ ತುಂಬಿದ ಟ್ಯಾಂಕಿನ ನೆಪದಲ್ಲಿ, ಆ ಊರಿನ ಕಟ್ಟೆಯ ಹತ್ತಿರ ಕಾರನ್ನು ಒಂದು ಸುತ್ತು ಹೊಡೆಸುವಷ್ಟು ಜಾಗ ಇದೆಯೇ ಎಂದು ವಿಚಾರಿಸಿದೆ. "ಲಾರಿಯೇ ಸುತ್ತುತ್ತೆ," ಎಂದ ಬಂಕಿನವನು. ನನಗೆ ಜೀವ ಬಂದಂತಾಯಿತು.

ಸಂಜೆಯ ಹೊತ್ತಿಗೆ ನಾವು ಆ ಇಳಿಜಾರಿನಲ್ಲಿದ್ದೆವು. ಎರಡು ಕಡೆ ಕಲ್ಲಿನ ಗೋಡೆ, ನಡುವೆ ಕೆಳಗೆ ಕೆಳಗೆ ಇಳಿಯುವ ದಾರಿ, ಅದರ ತುದಿಯಲ್ಲಿ ಅಂಗೈಯಷ್ಟು ನೀಲಿ. ಹೆಂಡತಿ ಚೀಲದಿಂದ ಚಿತ್ರ ತೆಗೆದು ಗಾಜಿಗೆ ಹಿಡಿದಳು. "ಬಾಗಿಲು ಕಾಣ್ತಿದೆ! ನೀಲಿ ಬಾಗಿಲು! ಅಮ್ಮಾ, ಅದೇ!" ಬದಿಗೆ ಸರಿಯುವ ಜಾಗವೊಂದನ್ನು ಆಗಷ್ಟೇ ದಾಟಿದ್ದೆವು. ಎದುರಿನಿಂದ ಏರುತ್ತ ಒಂದು ವ್ಯಾನು ಬಂದು ನಮ್ಮ ಮೂಗಿಗೆ ಮೂಗು ಕೊಟ್ಟು ನಿಂತಿತು. ಒಳಗೆ ದಪ್ಪ ಮೀಸೆ.

ನಾನು ಹಳೆಯ ಪರಿಚಯದ ಸಲುಗೆಯಿಂದ ಎರಡು ಬೆರಳೆತ್ತಿದೆ.

ಬೇಕರಿಯವನು ಇಂಜಿನ್ ಆರಿಸಿದ. ಕೀಲಿಕೈ ತೆಗೆದು ಜೇಬಿಗೆ ಹಾಕಿಕೊಂಡ. ಇಳಿದು ಬಂದು ನಮ್ಮ ಕಾರಿನ ಮುಂದೆ ಕೈಕಟ್ಟಿ ನಿಂತ.

"ಮೊನ್ನೆ ನಾನು ಹೋದೆ," ಎಂದ. "ಇವತ್ತು ನೀನು ಹೋಗು."

"ಏನಂತೆ?" ಎಂದರು ಅತ್ತೆ.

"ಮೊನ್ನೆ ಸಿಕ್ಕಿದ್ವಲ್ಲ ಅಂತ ನೆನಪು ಮಾಡ್ಕೋತಿದಾನೆ," ಎಂದೆ.

"ನಿನ್ನ ಹಿಂದೇನೇ ಜಾಗ ಇದೆ. ಒಂದು ಕಾರಿನಷ್ಟು ಹಿಂದೆ ಹೋದ್ರೆ ಸಾಕು. ನಾನು ಹೋಗ್ಬೇಕಂದ್ರೆ ಸಮುದ್ರದ ತನಕ ಹೋಗ್ಬೇಕು!"

"ಏನಂತೆ?"

"ಸಮುದ್ರದ ತನಕ ಹೋಗಿ, ಚೆನ್ನಾಗಿದೆ ಅಂತಿದಾನೆ."

"ಹಾಗಾದ್ರೆ ದಾರಿ ಬಿಡೋಕೆ ಹೇಳೇ," ಎಂದರು ಅತ್ತೆ, ಮಗಳಿಗೆ.

ನಮ್ಮ ಹಿಂದಿನಿಂದ ಮೋಟರ್ ಸೈಕಲ್ ಸದ್ದು ಬಂತು. ಕಾನ್‌ಸ್ಟೇಬಲ್. ಅವನು ಕಾರನ್ನು ಒಂದು ಸುತ್ತು ಹಾಕಿ, ನಂಬರ್ ನೋಡಿ, ನನ್ನ ಕಿಟಕಿಗೆ ಬಗ್ಗಿದ.

"ಎರಡು ಬೆರಳಿನ ಕಾರು ಇದೇನಾ?"

"ಯಾವ ಕಾರು ಸ್ವಾಮಿ?"

"ಅಂಚೆಯವಳು ದೂರು ಕೊಟ್ಟಿದಾಳೆ. ಟ್ರ್ಯಾಕ್ಟರಿನವನು ಮಾತು ನಿಲ್ಲಿಸ್ತಿಲ್ಲ. ಯಾರೋ ದೊಡ್ಡ ಮನುಷ್ಯರು ಊರೂರು ಸುತ್ತಿ ಎಲ್ರಿಗೂ ಅಪ್ಪಣೆ ಮಾಡ್ತಿದಾರೆ ಅಂತ ಸುದ್ದಿ. ನೀವು ಯಾವ ಇಲಾಖೆ?"

ನಾನು ಸರ್ಕಾರಿ ಪ್ರಶ್ನೆಗೆ ಸುಳ್ಳು ಹೇಳುವವನಲ್ಲ. "ಸಾರಿಗೆ," ಎಂದೆ. "ಯಾವ ಗಾಡಿ ಯಾವಾಗ ಹೊರಡಬೇಕು ಅಂತ ನಾನೇ ಬರೆದುಕೊಡೋದು."

ಕಾನ್‌ಸ್ಟೇಬಲ್ ಟೋಪಿ ಸರಿಮಾಡಿಕೊಂಡ. ಬೇಕರಿಯವನನ್ನು ಪಕ್ಕಕ್ಕೆ ಕರೆದು, "ಗಾಡಿಗಳನ್ನ ಕಳಿಸೋರಂತೆ ಕಣಯ್ಯ. ಸುಮ್ನೆ ಹಿಂದೆ ಹೋಗು," ಎಂದ.

"ಮಂತ್ರೀನೇ ಆಗಿರ್ಲಿ. ಒಂದು ಸಲ ನನ್ನ ಬ್ರೆಡ್ಡೆಲ್ಲ ಪುಡಿಯಾಯ್ತು. ಇನ್ನೊಂದು ಸಲ ನಾನು ಪುಡಿಯಾದ್ರೂ ಹೋಗಲ್ಲ."

ಕೆಳಗಿನ ಹಳ್ಳಿಯಿಂದ ಜನ ಏರಿ ಬರತೊಡಗಿದರು. ಬಲೆ ಹೆಣೆಯುತ್ತಿದ್ದ ಮುದುಕನೊಬ್ಬ ಬಲೆಯ ಸಮೇತ ಬಂದು ಗೋಡೆಯ ಮೇಲೆ ಕುಳಿತು ಹೆಣಿಗೆ ಮುಂದುವರಿಸಿದ. ಯಾರೋ ಒಬ್ಬ ಹೆಂಗಸು ಅತ್ತೆಗೆ ಕುರ್ಚಿ ತಂದು ಕೊಟ್ಟಳು. ಅತ್ತೆ ಇಳಿದು, ಸೆರಗು ಸರಿಮಾಡಿಕೊಂಡು, ಸಭೆಯಲ್ಲಿ ಕುಳಿತಂತೆ ಕುಳಿತರು.

"ಇವರು ಯಾಕೆ ಹಿಂದೆ ಹೋಗಲ್ವಂತೆ?" ಎಂದು ಬಲೆಯ ಮುದುಕ ಕೇಳಿದ.

"ಏನಂತೆ?" ಎಂದರು ಅತ್ತೆ. ಈ ಸಲ ನನ್ನ ಹೆಂಡತಿಗೆ ಸನ್ನೆಯಿಂದಲೇ ಅರ್ಥವಾಗಿತ್ತು. "ಇವ್ರು ಯಾಕೆ ಹಿಂದೆ ಹೋಗಲ್ಲ ಅಂತ ಕೇಳ್ತಿದಾರೆ ಅನ್ಸುತ್ತೆ ಅಮ್ಮ," ಎಂದಳು. ನನ್ನ ಕಡೆ ತಿರುಗಿ, "ಯಾಕ್ರೀ ಹೋಗಲ್ಲ?" ಎಂದಳು.

ನಾನು ಗಾಜಿನ ಆಚೆ ನೋಡಿದೆ. ಅಂಗೈಯಷ್ಟು ನೀಲಿ ಬೂದಾಗುತ್ತಿತ್ತು. ಅವಳ ಕೈಯಲ್ಲಿದ್ದ ಚಿತ್ರದ ಸಮುದ್ರ ಮಾತ್ರ ಇನ್ನೂ ನೀಲಿಯಾಗಿತ್ತು.

"ಹೇಳೇ ಅವ್ರಿಗೆ," ಎಂದರು ಅತ್ತೆ ಗಟ್ಟಿಯಾಗಿ. "ನಮ್ಮ ಅಳಿಯಂದ್ರು ಇಟ್ಟ ಹೆಜ್ಜೆ ಹಿಂದೆ ತೆಗೆಯೋರಲ್ಲ ಅಂತ."

ಕಾನ್‌ಸ್ಟೇಬಲ್ ನನ್ನನ್ನು ನೋಡಿದ. ಅನುವಾದ ಮಾಡದೆ ವಿಧಿಯಿರಲಿಲ್ಲ, ಮಾಡಿದೆ. ಗೋಡೆಯ ಮೇಲಿದ್ದ ಕೆಲವರು ಚಪ್ಪಾಳೆ ತಟ್ಟಿದರು. ಉಳಿದವರು ಬೇಕರಿಯವನ ಬೆನ್ನು ತಟ್ಟಿದರು. ಎರಡು ಪಕ್ಷಗಳಾದವು. ಚಪ್ಪಾಳೆಗೆ ಉತ್ತರವಾಗಿ ನನ್ನ ಹಾಳು ಕೈ ತಾನಾಗಿ ಮೇಲೆದ್ದು ಎಲ್ಲರಿಗೂ ಎರಡು ಬೆರಳಿನ ನಮಸ್ಕಾರ ಮಾಡಿತು.

"ನೋಡಿ! ನೋಡಿ!" ಬೇಕರಿಯವನು ಕೂಗಿದ. "ಮತ್ತೆ ಅದೇ! ಯಾಕಯ್ಯ ಅದನ್ನ ತೋರಿಸ್ತೀಯ ನನಗೆ?"

"ನಮಸ್ಕಾರ ಮಾಡ್ದೆ," ಎಂದೆ.

"ಏನು ಮಾಡ್ದೆ?"

"ನಮಸ್ಕಾರ. ನಿಮ್ಮ ದೇಶದ ನಮಸ್ಕಾರ."

ಗದ್ದಲ ನಿಂತಿತು. ಬಲೆಯ ಮುದುಕನ ಕೈಯೂ ನಿಂತಿತು. ಬೇಕರಿಯವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಹಿಟ್ಟು ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ನೋಡುವವನ ಹಾಗೆ. ಆಮೇಲೆ ನನ್ನ ಕಿಟಕಿಯೊಳಗೆ ತಲೆ ಹಾಕಿ ಗೇರನ್ನು ನೋಡಿದ. ಬಾಗಿಲು ತೆರೆದು, ನನ್ನ ತೋಳು ಹಿಡಿದು, ಮಾತಾಡದೆ ತನ್ನ ವ್ಯಾನಿಗೆ ಕರೆದುಕೊಂಡು ಹೋಗಿ ಸೀಟಿನಲ್ಲಿ ಕೂರಿಸಿದ. ಒಳಗೆಲ್ಲ ಬಿಸಿ ಬ್ರೆಡ್ಡಿನ ವಾಸನೆ.

"ಕೈ ಇಲ್ಲಿಡು," ಎಂದ. ಗೇರಿನ ಗುಂಡಿನ ಕೆಳಗೆ ಬಳೆಯಂಥದ್ದೊಂದು ಇತ್ತು. ನನ್ನ ಎರಡು ಬೆರಳನ್ನು ಹಿಡಿದು ಕೊಕ್ಕೆಯಂತೆ ಆ ಬಳೆಗೆ ಸಿಕ್ಕಿಸಿ ಮೇಲಕ್ಕೆ ಎಳೆದ. ಬಳೆ ಮೇಲಕ್ಕೆದ್ದಿತು. "ಈಗ ಎಡಕ್ಕೆ ತಳ್ಳಿ ಮೇಲಕ್ಕೆ ಹಾಕು." ಗೇರು ಬೆಣ್ಣೆಯಲ್ಲಿ ಇಳಿದಂತೆ ಎಲ್ಲೋ ಹೊಸ ಜಾಗಕ್ಕೆ ಹೋಗಿ ಕೂತಿತು.

"ನಮ್ಮ ಕಡೆ ಎಲ್ಲ ಗಾಡಿಗೂ ಹೀಗೇ ಬಳೆ ಇರುತ್ತೆ," ಎಂದ ಬೇಕರಿಯವನು. ಅವನ ಮೀಸೆ ನಡುಗುತ್ತಿತ್ತು. ಕೋಪಕ್ಕೋ ನಗುವಿಗೋ ತಿಳಿಯಲಿಲ್ಲ. "ಎದುರಿನವನಿಗೆ ಎರಡು ಬೆರಳು ಎತ್ತಿ ತೋರಿಸಿದ್ರೆ, 'ಬಳೆ ಎತ್ತು, ರಿವರ್ಸ್ ಹಾಕು, ತೊಲಗು' ಅಂತ."

ನನ್ನ ಕಣ್ಣ ಮುಂದೆ ಟ್ರ್ಯಾಕ್ಟರು, ಅಂಚೆಯವಳು, ವಸತಿಗೃಹದ ಒಡತಿ, ತಿಂಡಿಯ ಗಾಡಿ, ಎಲ್ಲರೂ ಒಬ್ಬರ ಹಿಂದೊಬ್ಬರು ಹಿಂದೆ ಹಿಂದೆ ಸರಿದು ಹೋದರು.

"ದಯವಿಟ್ಟು," ಎಂದೆ, "ಇದನ್ನ ಗಟ್ಟಿಯಾಗಿ ಹೇಳ್ಬೇಡಿ. ಅಲ್ಲಿ ಕುರ್ಚಿ ಮೇಲೆ ಕೂತಿದಾರಲ್ಲ, ನಮ್ಮ ಅತ್ತೆ."

ಬೇಕರಿಯವನು ತಿರುಗಿ ಅತ್ತೆಯನ್ನು ನೋಡಿದ. ನನ್ನ ಕಡೆ ನೋಡಿದ. ಅವನ ಮುಖದ ಕೆಂಪು ಇಳಿಯಿತು. "ನನಗೂ ಒಬ್ರಿದಾರೆ," ಎಂದ, ಮೆಲ್ಲನೆ.

ನಾನು ಕಾರಿಗೆ ಹಿಂದಿರುಗಿದೆ. "ಏನಂತೆ?" ಎಂದಳು ಹೆಂಡತಿ, ತಾಯಿಯ ಪರವಾಗಿ.

"ಬ್ರೆಡ್ ಹೇಗೆ ಜೋಡಿಸ್ತಾರೆ ಅಂತ ತೋರಿಸಿದ. ಪಾಪ, ಅವನಿಗೆ ಹೊತ್ತಾಗಿದೆಯಂತೆ. ದಾರಿ ಬಿಡೋಣ."

ಅತ್ತೆ ಹತ್ತಿ ಕುಳಿತರು. ನಾನು ಎರಡು ಬೆರಳಿಗೆ ಬಳೆ ಸಿಕ್ಕಿಸಿ ಎತ್ತಿದೆ. ಕಾರು, ಇಂಜಿನ್ ಸದ್ದಿನ ಸಮೇತ, ಇಳಿಜಾರನ್ನು ಹಿಂದಕ್ಕೆ ಏರಿ ಪಕ್ಕದ ಜಾಗದಲ್ಲಿ ನಿಂತಿತು. ಇಷ್ಟು ದಿನದ ಪ್ರಯಾಣದಲ್ಲಿ ಅದು ಅತ್ಯಂತ ಚಿಕ್ಕ ದೂರ. ಅಷ್ಟು ಸಂಭ್ರಮದಿಂದ ನಾನು ಇನ್ನಾವ ದೂರವನ್ನೂ ಕ್ರಮಿಸಿರಲಿಲ್ಲ. ಒಂದು ಪಕ್ಷ ಚಪ್ಪಾಳೆ ತಟ್ಟಿತು, ಇನ್ನೊಂದು ಪಕ್ಷವೂ ತಟ್ಟಿತು. ಕಾನ್‌ಸ್ಟೇಬಲ್ ಸೆಲ್ಯೂಟ್ ಹೊಡೆದ. ಬೇಕರಿಯವನು ದಾಟಿ ಹೋಗುವಾಗ ನನ್ನ ಬಲಗೈ ಮೇಲೇಳಲು ನೋಡಿತು. ಎಡಗೈಯಿಂದ ಅದುಮಿ ಹಿಡಿದುಕೊಂಡೆ.

ಕಟ್ಟೆಯ ತುದಿಯಲ್ಲಿ ನನ್ನ ಹೆಂಡತಿ ನಿಂತಾಗ ಇನ್ನೂ ಬೆಳಕಿತ್ತು, ಸ್ವಲ್ಪ. ಚಿತ್ರವನ್ನು ತೆಗೆದು ಹೋಲಿಸಿ ನೋಡಿದಳು. "ಚಿತ್ರದಲ್ಲಿ ಈ ಗಾಳಿ ಇರ್ಲಿಲ್ಲ," ಎಂದಳು. ಆಮೇಲೆ ಅದನ್ನು ಚೀಲಕ್ಕೆ ಹಾಕಿ, ಬೆನ್ನು ನಮಗೆ ಮಾಡಿ, ಸುಮ್ಮನೆ ನಿಂತುಬಿಟ್ಟಳು. ನಾನು ಮತ್ತು ಅತ್ತೆ ಕಾರಿನ ಪಕ್ಕದ ಕಲ್ಲಿನ ಮೇಲೆ ಕುಳಿತಿದ್ದೆವು. ನಮ್ಮಿಬ್ಬರ ನಡುವೆ ಮಾತು ಹೊತ್ತು ತರುವವಳು ದೂರದಲ್ಲಿದ್ದಳು.

ಅತ್ತೆ ಕೆಮ್ಮಿದರು. ಸಮುದ್ರದ ಕಡೆ ನೋಡುತ್ತಲೇ ಹೇಳಿದರು, "ಕೊನೆಗೂ ಬಳೆ ಎತ್ತಿದ್ರಲ್ಲ, ಅಳಿಯಂದ್ರೇ."

ನಾನು ಕಲ್ಲಿನ ಮೇಲೇ ಕಲ್ಲಾದೆ.

"ಆ ಹೆಂಗಸು ಕಿಟಕೀಲಿ ಮೊದ್ಲು ಗೇರ್ ಕಡೆ ಬೊಟ್ಟು ಮಾಡಿ, ಆಮೇಲೆ ಬೆರಳೆತ್ತಿದ್ಲು. ನೀವು ಕೆಮ್ಮುತಿದ್ರಿ."

"ನಿಮಗೆ... ಮೊದಲನೇ ದಿನದಿಂದಾನೂ ಗೊತ್ತಿತ್ತಾ?"

"ಅಳಿಯಂದ್ರಿಗೆ ಬಾಯಿಬಿಟ್ಟು ಹೇಳೋಕಾಗುತ್ತಾ? ಅವಳ ಕೈಲಿ ಹೇಳ್ಸಿದ್ರೆ ಅವಳಿಗೆ ಗೊತ್ತಾಗುತ್ತೆ. ಅದಕ್ಕೇ ಕನ್ನಡೀಲಿ ಬೆರಳೆತ್ತಿ ಎತ್ತಿ ತೋರಿಸ್ದೆ. ನೀವು ನೋಡಿದ್ರೆ ತಿರುಗಿ ನನಗೇ ತೋರಿಸ್ತಿದ್ರಿ!" ಅವರು ಕೈಯನ್ನು ಒತ್ತಿಕೊಂಡರು. "ಬೆರಳು ನೋಯ್ತಿದೆ."

ಅಷ್ಟರಲ್ಲಿ ಹೆಂಡತಿ ಹಿಂದಿರುಗಿ ಬಂದಳು. ಅತ್ತೆ ತಕ್ಷಣ ಅವಳ ಕಡೆ ತಿರುಗಿ, "ಕತ್ತಲಾಗುತ್ತೆ, ಹೊರಡೋಣ್ವಾ ಅಂತ ಕೇಳೇ ನಿಮ್ಮ ಯಜಮಾನ್ರನ್ನ," ಎಂದರು.

ಕಟ್ಟೆಯ ಬಳಿ ಲಾರಿ ಸುತ್ತುವಷ್ಟು ಜಾಗವಿತ್ತು. ನಾನು ಸುತ್ತಲಿಲ್ಲ, ಬೇಕೆಂದೇ ಹಿಂದೆ ತೆಗೆದು, ಮುಂದೆ ಹೋಗಿ, ಮತ್ತೆ ಹಿಂದೆ ತೆಗೆದು ಗಾಡಿ ತಿರುಗಿಸಿದೆ. ಏರು ಹತ್ತತೊಡಗಿದೆವು. ಹೆಂಡತಿ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕುಳಿತಿದ್ದಳು. "ಇನ್ನೊಂಚೂರು ಹೊತ್ತು ಇರ್ಬೋದಿತ್ತು," ಎಂದಳು, ಯಾರಿಗೂ ಅಲ್ಲದಂತೆ.

"ಸಮುದ್ರ ಹೋಯ್ತು," ಎಂದರು ಅತ್ತೆ.

ಆಗ ಮೇಲಿನಿಂದ ಮೀನಿನ ಲಾರಿಯೊಂದು ಇಳಿದು ಬಂತು. ಅದರ ಬೆನ್ನಿಗೇ ಸರಿದು ನಿಲ್ಲುವ ಜಾಗವಿತ್ತು. ಡ್ರೈವರು ಗಾಜಿನ ಹಿಂದಿನಿಂದ ನನ್ನನ್ನು ಗುರುತಿಸಿರಬೇಕು. ಆಗಲೇ ತಿರುಗಿ ಹಿಂದೆ ನೋಡುತ್ತಿದ್ದ. ನಾನು ಎರಡೂ ಕೈ ಆಡಿಸಿ ಬೇಡ ಬೇಡವೆಂದೆ. ಬಳೆ ಎತ್ತಿದೆ. ಕುತ್ತಿಗೆ ತಿರುಗಿಸಿ, ಹಿಂದಿನ ಗಾಜಿನಲ್ಲಿ ದಾರಿ ನೋಡುತ್ತ, ಬಂದ ದಾರಿಯನ್ನೆಲ್ಲ ಹಿಂದೆ ಹಿಂದೆ ಇಳಿದೆ. ಗೋಡೆಗಳು ಸರಿದವು. ಅಂಗೈಯಷ್ಟಿದ್ದದ್ದು ಅಗಲವಾಗುತ್ತ ಬಂತು. ಗಾಡಿ ನಿಲ್ಲುವ ಮೊದಲೇ ಹೆಂಡತಿ ಬಾಗಿಲಿಗೆ ಕೈ ಹಾಕಿದ್ದಳು.

ಕನ್ನಡಿಯಲ್ಲಿ ಅತ್ತೆಯ ಎರಡೂ ಕೈ ಮಡಿಲಲ್ಲಿ ಭದ್ರವಾಗಿದ್ದವು.

"ಅಳಿಯಂದ್ರೇ," ಎಂದರು, ಮಗಳು ಕೇಳಿಸಿಕೊಳ್ಳುತ್ತಿದ್ದರೂ. "ಸಮುದ್ರ ವಾಪಸ್ ಬಂತು."